ಸಣ್ಣ ವಕೀಲಿ ಕಚೇರಿಯ ಮೇಲ್, ವರ್ಡ್, ಎಕ್ಸೆಲ್: ಎಲ್ಲಿಂದ ಸರಿಪಡಿಸುವುದು?

ದಾವಣಗೆರೆಯ ವಕೀಲೆ:

ದಾವಣಗೆರೆಯಲ್ಲಿ ನನ್ನ ಕಚೇರಿ. ಸಿವಿಲ್ ದಾವೆ, ಚೆಕ್ ಅಮಾನ್ಯದ ಕೇಸು, ಒಂದು ಬ್ಯಾಂಕಿನ ಸಾಲ ವಸೂಲಿ, ನಡುನಡುವೆ ಮೋಟಾರು ಅಪಘಾತ ಪರಿಹಾರದ ಅರ್ಜಿ. ನಾನು, ಇಬ್ಬರು ಕಿರಿಯ ವಕೀಲರು, ಒಬ್ಬ ಗುಮಾಸ್ತರು. ಗುಮಾಸ್ತರು ನನ್ನ ಹಿರಿಯರ ಕಾಲದವರು. ಅವರ ಕೆಂಪು ಬೈಂಡಿನ ಡೈರಿಗೆ ಬಿದ್ದ ತಾರೀಕು ತಪ್ಪಿದ್ದನ್ನು ನಾನು ಕಂಡಿಲ್ಲ. ಗೋಜಲು ಇರುವುದೆಲ್ಲ ಕಂಪ್ಯೂಟರಿನಲ್ಲಿ.

ಕಚೇರಿಗೆ ಒಂದೇ ಜಿಮೇಲ್ ವಿಳಾಸ. ಅದರ ಪಾಸ್‌ವರ್ಡ್ ನಾಲ್ವರಿಗೂ ಗೊತ್ತು. ಕೆಲಸ ಬಿಟ್ಟು ಹೋದವರಿಗೂ ಗೊತ್ತಿರಬೇಕು. ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುನ್ನ ಮೊಬೈಲಿನಲ್ಲಿ ನಾನು ಮೇಲ್ ತೆರೆದು ನೋಡಿರುತ್ತೇನೆ. ಮಧ್ಯಾಹ್ನ ಕಿರಿಯರು ನೋಡುವ ಹೊತ್ತಿಗೆ ಅದು ಓದಿದ ಮೇಲ್ ಆಗಿರುತ್ತದೆ. ಮೇಡಂ ನೋಡಿದ್ದಾರೆ ಎಂದು ಅವರು ಬಿಡುತ್ತಾರೆ, ಅವರು ಮಾಡಿದ್ದಾರೆ ಎಂದು ನಾನು ಬಿಡುತ್ತೇನೆ.

ಬ್ಯಾಂಕಿನಿಂದ ಬರುವ ಮೇಲ್‌ಗಳ ವಿಷಯದ ಸಾಲನ್ನು ನೀವು ನೋಡಬೇಕು: ‘ಅರ್ಜೆಂಟ್’, ‘ವೆರಿ ಅರ್ಜೆಂಟ್’, ‘ಮೋಸ್ಟ್ ಅರ್ಜೆಂಟ್’. ಸಾಲಗಾರನ ಹೆಸರಿಲ್ಲ, ಸಾಲದ ಖಾತೆಯ ಸಂಖ್ಯೆ ಇಲ್ಲ. ಅಲ್ಲಿಯ ಒಬ್ಬ ಅಧಿಕಾರಿಯಂತೂ ಯಾವುದೋ ಹಳೆಯ ಮೇಲ್‌ಗೆ ಉತ್ತರ ಒತ್ತಿ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಸಾಲಗಾರನ ಕಾಗದಗಳನ್ನು ಲಗತ್ತಿಸಿ ಕಳುಹಿಸುತ್ತಾರೆ. ಮುಗಿದುಹೋದ ಕೇಸಿನ ಮಾತುಕತೆಯ ಅಡಿಯಲ್ಲಿ ಹೊಸ ಕೇಸು ಅಡಗಿ ಕುಳಿತಿರುತ್ತದೆ.

ಇನ್ನು ವಾದಪತ್ರಗಳ (ಪ್ಲೇಂಟ್) ಕಡತಗಳು. ‘ಹೊಸ ಪ್ಲೇಂಟ್’, ‘ಹೊಸ ಪ್ಲೇಂಟ್ ಕರೆಕ್ಟೆಡ್’, ‘ಫೈನಲ್’, ‘ಫೈನಲ್ 2’. ಇವುಗಳಲ್ಲಿ ನ್ಯಾಯಾಲಯಕ್ಕೆ ಹೋದದ್ದು ಯಾವುದು ಎಂದು ತಿಳಿಯಲು ಕಪಾಟಿನಿಂದ ಮುದ್ರಿತ ಪ್ರತಿ ತೆಗೆದು ಹೋಲಿಸಬೇಕು. ಕನ್ನಡದ ವಾದಪತ್ರಗಳೆಲ್ಲ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿವೆ. ಹೈಕೋರ್ಟಿನ ಮೇಲ್ಮನವಿಗಾಗಿ ಬೆಂಗಳೂರಿನ ಸಹೋದ್ಯೋಗಿಗೆ ಕಳುಹಿಸಿದರೆ ಅವರಲ್ಲಿ ಅವು ತಲೆಬುಡವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ.

ವಕೀಲರಿಗೆಂದೇ ಮಾಡಿದ ತಂತ್ರಾಂಶ ಮಾರುವವರು ಬಂದು ಹೋಗುತ್ತಿದ್ದಾರೆ. ವರ್ಷಕ್ಕಿಷ್ಟು ಕಟ್ಟಿದರೆ ಎಲ್ಲವೂ ತಾನಾಗಿ ಆಗುತ್ತದೆ ಎನ್ನುತ್ತಾರೆ. ತಾನಾಗಿ ಆಗುವ ಯಾವ ಕೆಲಸವನ್ನೂ ನಮ್ಮ ವೃತ್ತಿಯಲ್ಲಿ ನಾನು ಕಂಡಿಲ್ಲ. ನಿಮ್ಮಲ್ಲಿ ಇದನ್ನು ಹದಕ್ಕೆ ತಂದವರು ಇದ್ದರೆ, ಏನು ಮಾಡಿದಿರಿ ಎಂಬುದನ್ನು ಬಿಡಿಸಿ ಹೇಳಿ. ‘ಶಿಸ್ತು ಬೇಕು’ ಎಂಬ ಉತ್ತರ ಬೇಡ.

ಸಿವಿಲ್ ಕೋರ್ಟಿನ ಹಳಬ, ಮೈಸೂರು:

ತಂತ್ರಾಂಶವನ್ನು ಈಗಲೇ ಕೊಳ್ಳಬೇಡಿ. ಕೊಂಡ ದಿನವೇ ಅದು ನಿಮ್ಮಿಂದ ಕೇಳುವುದು ಒಂದು ಪಟ್ಟಿಯನ್ನು: ಕೇಸಿನ ಸಂಖ್ಯೆ, ಪಕ್ಷಕಾರರ ಹೆಸರು, ನ್ಯಾಯಾಲಯ, ಹಂತ, ಮುಂದಿನ ತಾರೀಕು. ಆ ಪಟ್ಟಿ ನಿಮ್ಮಲ್ಲಿ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಎಕ್ಸೆಲ್‌ನಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ ತಂತ್ರಾಂಶ ಖಾಲಿ ಬಿದ್ದಿರುತ್ತದೆ. ಗುಮಾಸ್ತರ ಡೈರಿಯನ್ನೂ ಮುಟ್ಟಬೇಡಿ. ತಪ್ಪದೆ ನಡೆಯುತ್ತಿರುವ ಒಂದೇ ಒಂದು ಏರ್ಪಾಡು ನಿಮ್ಮ ಕಚೇರಿಯಲ್ಲಿ ಅದು. ಉಳಿದದ್ದೆಲ್ಲ ಅದರ ಹಿಂದೆ ಬರಲಿ.

ನಾನು ಮೊದಲು ಸರಿಪಡಿಸಿದ್ದು ಹೆಸರುಗಳನ್ನು. ಓ.ಎಸ್. (ಮೂಲ ದಾವೆ) 214/2023 ಎಂಬ ಕೇಸು ಎಂದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಓರೆ ಗೆರೆ ಹಾಕಲು ಬರುವುದಿಲ್ಲ. ಹಾಗಾಗಿ ಒಬ್ಬರು 214-2023 ಎಂದು, ಇನ್ನೊಬ್ಬರು ಅಡಿಗೆರೆ ಹಾಕಿ, ಮತ್ತೊಬ್ಬರು ‘214 ಆಫ್ 23’ ಎಂದು ಬರೆಯುತ್ತಾರೆ. ಮೇಲ್‌ನ ವಿಷಯದ ಸಾಲಿನಲ್ಲಿ ಮಾತ್ರ ಓರೆ ಗೆರೆಯೇ ಇರುತ್ತದೆ. ಹುಡುಕಿದಾಗ ನಾಲ್ಕರಲ್ಲಿ ಒಂದು ಸಿಗುತ್ತದೆ, ಮೂರು ಸಿಗುವುದಿಲ್ಲ. ಇಷ್ಟಾದ ಮೇಲೆ ಆ ಸಂಖ್ಯೆ ಶಾಶ್ವತವೂ ಅಲ್ಲ. ತೀರ್ಪಾದ ಮೇಲೆ ಅದೇ ಜಗಳ ಜಿಲ್ಲಾ ನ್ಯಾಯಾಲಯದಲ್ಲಿ ಆರ್.ಎ. (ಮೊದಲ ಮೇಲ್ಮನವಿ) ಆಗುತ್ತದೆ, ಹೈಕೋರ್ಟಿನಲ್ಲಿ ಆರ್.ಎಸ್.ಎ. (ಎರಡನೇ ಮೇಲ್ಮನವಿ) ಆಗುತ್ತದೆ, ಗೆದ್ದರೆ ತೀರ್ಪನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಗೆ ಇನ್ನೊಂದು ಸಂಖ್ಯೆ ಬೀಳುತ್ತದೆ. ಪಕ್ಷಕಾರ ಒಬ್ಬನೇ, ಜಮೀನೂ ಒಂದೇ.

ಆದ್ದರಿಂದ ಕಚೇರಿಯದೇ ಒಂದು ಕಡತ ಸಂಖ್ಯೆ ಕೊಡಿ. ವಕಾಲತ್ತಿಗೆ ಸಹಿ ಬಿದ್ದ ದಿನ ವರ್ಷ ಮತ್ತು ಸರಣಿ: 23-041. ಕೋರ್ಟು ಬದಲಾಗಲಿ, ಹಂತ ಬದಲಾಗಲಿ, ಇದು ಬದಲಾಗದು. ಕಾಗದದ ಕಡತದ ಬೆನ್ನಿನ ಮೇಲೆ, ಕಂಪ್ಯೂಟರಿನ ಫೋಲ್ಡರಿನ ಮೇಲೆ, ಮೇಲ್‌ನ ವಿಷಯದ ಸಾಲಿನ ಮೊದಲಲ್ಲಿ, ಡೈರಿಯಲ್ಲಿ ಕೇಸಿನ ಪಕ್ಕದಲ್ಲಿ, ಎಲ್ಲ ಕಡೆ ಇದೇ. ಎಕ್ಸೆಲ್ ಪಟ್ಟಿಯಲ್ಲಿ ಇದರ ಎದುರು ಈಗಿನ ಕೋರ್ಟಿನ ಸಂಖ್ಯೆಯನ್ನೂ ಇ-ಕೋರ್ಟ್ಸ್ ವ್ಯವಸ್ಥೆ ಪ್ರತಿ ಕೇಸಿಗೂ ಕೊಡುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನೂ ಬರೆದಿಡಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹುಡುಕುವುದಕ್ಕೆ ಸಿಎನ್‌ಆರ್‌ಗಿಂತ ಹತ್ತಿರದ ದಾರಿ ಇಲ್ಲ. ಆದರೆ ಆ ಆ್ಯಪ್‌ನಲ್ಲಿ ಕೂಡಿಟ್ಟ ನಿಮ್ಮ ಪ್ರಕರಣಗಳ ಪಟ್ಟಿ ಇರುವುದು ನಿಮ್ಮ ಮೊಬೈಲಿನಲ್ಲಿ. ಮೊಬೈಲ್ ಬದಲಿಸುವ ಮುನ್ನ ಅದನ್ನು ಹೊರತೆಗೆದು ಇಟ್ಟುಕೊಳ್ಳಿ.

ಕಡತದ ಹೆಸರು ಹೀಗೆ: 23-041, ಆಮೇಲೆ ವರ್ಷ-ತಿಂಗಳು-ದಿನ, ಆಮೇಲೆ ಏನು ಎಂಬುದು. ವರ್ಷ ಮೊದಲು ಬಂದರೆ ಕಂಪ್ಯೂಟರು ತಾನೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ‘ಫೈನಲ್’ ಎಂಬ ಪದವನ್ನು ನಮ್ಮ ಕಚೇರಿಯಲ್ಲಿ ನಿಷೇಧಿಸಿದ್ದೇನೆ. ಸಹಿ, ಮೊಹರು ಎಲ್ಲ ಬಿದ್ದು ಕೋರ್ಟಿಗೆ ಹೋದ ಪ್ರತಿಯನ್ನು ಸ್ಕ್ಯಾನ್ ಮಾಡಿ ‘ಸಲ್ಲಿಸಿದ್ದು’ ಎಂಬ ಒಳಫೋಲ್ಡರಿಗೆ ಪಿಡಿಎಫ್ ಆಗಿ ಹಾಕುತ್ತೇವೆ. ಅದರಲ್ಲಿ ವರ್ಡ್ ಕಡತಕ್ಕೆ ಪ್ರವೇಶವಿಲ್ಲ. ನಿಮ್ಮ ನಾಲ್ಕು ಪ್ಲೇಂಟ್‌ಗಳ ತಕರಾರು ಅಲ್ಲಿಗೆ ಮುಗಿಯಿತು.

ಮೇಲ್ ವಿಚಾರ. ಪಾಸ್‌ವರ್ಡನ್ನು ಇವತ್ತೇ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ, ಯಾರಿಗೂ ಹೇಳಬೇಡಿ. ಕಿರಿಯರಿಗೆ ಅವರವರದೇ ಖಾತೆಯಿಂದ ನಿಮ್ಮ ಮೇಲ್ ನೋಡುವ ಅಧಿಕಾರ ಕೊಡಲು ಜಿಮೇಲ್‌ನ ಸೆಟ್ಟಿಂಗ್‌ನಲ್ಲಿ, ಖಾತೆಗಳ ಪುಟದಲ್ಲಿ, ಅವಕಾಶ ಇದೆ. ಅವರು ಕೆಲಸ ಬಿಟ್ಟ ದಿನ ಒಂದು ಹೆಸರು ಅಳಿಸಿದರೆ ಸಾಕು.

ಓದಿದ್ದು, ಓದದ್ದು ಎಂಬ ದಪ್ಪಕ್ಷರದ ಗುರುತನ್ನು ನಂಬುವುದನ್ನು ಬಿಡಿ. ಯಾರು ತೆರೆದರೂ ಅದು ಹೋಗುತ್ತದೆ. ನಮ್ಮಲ್ಲಿ ಇನ್‌ಬಾಕ್ಸ್‌ನಲ್ಲಿ ಇರುವುದು ಬಾಕಿ, ಆರ್ಕೈವ್ ಆದದ್ದು ತೀರಿದ್ದು. ಆರ್ಕೈವ್ ಒತ್ತುವ ಅಧಿಕಾರ ಕೆಲಸ ಮಾಡಿದವರಿಗೆ ಮಾತ್ರ. ಮೇಲ್‌ನೊಳಗೆ ತಾರೀಕು ಇದ್ದರೆ ಅದು ಗುಮಾಸ್ತರ ಡೈರಿಗೆ ಏರಿದ ಮೇಲೆಯೇ ಆರ್ಕೈವ್. ಪ್ರತಿ ಮೇಲ್‌ಗೂ ಎರಡು ಲೇಬಲ್: ಒಂದು ಕಡತ ಸಂಖ್ಯೆ, ಇನ್ನೊಂದು ಮಾಡಬೇಕಾದವರ ಹೆಸರು. ಲೇಬಲ್‌ನ ಅನುಕೂಲ ಏನೆಂದರೆ ಒಂದೇ ಮೇಲ್‌ಗೆ ಎಷ್ಟು ಬೇಕಾದರೂ ಅಂಟಿಸಬಹುದು. ಅಣ್ಣತಮ್ಮಂದಿರ ಪಾಲಿನ ದಾವೆ ಒಂದು, ಅದೇ ಜಮೀನಿನ ಮೇಲೆ ನಿರ್ಬಂಧಕಾಜ್ಞೆಯ ದಾವೆ ಇನ್ನೊಂದು ಇದ್ದರೆ, ಪಹಣಿ ಬಂದ ಮೇಲ್ ಎರಡಕ್ಕೂ ಬೇಕಲ್ಲವೇ? ಔಟ್‌ಲುಕ್‌ನಲ್ಲಿ ಫೋಲ್ಡರ್ ಮಾಡಿದರೆ ಒಂದು ಕಡೆ ಮಾತ್ರ ಇಡಬಹುದು; ಅಲ್ಲಿ ಬಣ್ಣದ ಕೆಟಗರಿಗಳನ್ನು ಬಳಸಬೇಕು.

ಈಗ ಎಕ್ಸೆಲ್. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ವಕೀಲರ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಕೆಡುವುದು ಇಲ್ಲಿಯೇ. ನಾವು ತಾರೀಕು ಬರೆಯುವುದು ಚುಕ್ಕೆ ಇಟ್ಟು: 12.03.2025. ಎಕ್ಸೆಲ್‌ಗೆ ಇದು ತಾರೀಕು ಅಲ್ಲ, ಬರೀ ಅಕ್ಷರ. ಅದರ ಮೇಲೆ ಕೂಡುವುದು, ಕಳೆಯುವುದು, ಕ್ರಮವಾಗಿ ಜೋಡಿಸುವುದು ಯಾವುದೂ ನಡೆಯುವುದಿಲ್ಲ. ಅಡ್ಡಗೆರೆ ಹಾಕಿ 12-03-2025 ಎಂದು ಬರೆದರೆ ತಾರೀಕು ಎಂದು ಹಿಡಿಯುತ್ತದೆ. ಆದರೆ ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದಿದ್ದರೆ ಅದನ್ನೇ ಡಿಸೆಂಬರ್ 3 ಎಂದು ಓದಿಕೊಳ್ಳುತ್ತದೆ. ಸುಮ್ಮನೆ ನೋಡಿದರೆ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರದೇಶವನ್ನು ಭಾರತ ಎಂದು ಮಾಡಿ. ಆಮೇಲೆ ಎಲ್ಲರೂ ಅಡ್ಡಗೆರೆ ಹಾಕಿ ಬರೆಯಲಿ. ಮುದ್ರಣದಲ್ಲಿ ಚುಕ್ಕೆಯೇ ಕಾಣಬೇಕೆಂದರೆ ಕೋಶದ ವಿನ್ಯಾಸದಲ್ಲಿ ಹಾಗೆ ಹೇಳಬಹುದು. ಪರೀಕ್ಷೆ ಸುಲಭ: ಏನೂ ವಿನ್ಯಾಸ ಮಾಡದ ಕೋಶದಲ್ಲಿ ನಿಜವಾದ ತಾರೀಕು ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ.

ನಿಮ್ಮಲ್ಲಿ ಚೆಕ್ ಕೇಸುಗಳಿವೆ ಎಂದಿರಿ. ಚೆಕ್ ಅಮಾನ್ಯಕ್ಕೆ ಸಂಬಂಧಿಸಿದ 138ನೇ ಕಲಮಿನ ಲೆಕ್ಕ ನೋಡಿ. ಚೆಕ್ ಹಿಂದಿರುಗಿದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನಗಳೊಳಗೆ ನೋಟಿಸು. ಇಲ್ಲಿ ತಾರೀಕಿಗೆ 30 ಕೂಡಿದರೆ ಆಯಿತು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಅದು ಮುಗಿದು ವ್ಯಾಜ್ಯಕಾರಣ (ದೂರು ಕೊಡುವ ಹಕ್ಕು) ಹುಟ್ಟಿದ ಮೇಲೆ ದೂರಿಗೆ ಒಂದು ತಿಂಗಳು. ಕಿರಿಯರು ಇಲ್ಲಿಯೂ 30 ಕೂಡುತ್ತಾರೆ. ಕಾಯಿದೆ ಹೇಳುವುದು ತಿಂಗಳು, ದಿನಗಳನ್ನಲ್ಲ. 2025ರ ಜನವರಿ 15ರಂದು ನೋಟಿಸು ತಲುಪಿತು ಎನ್ನಿ. ಜನವರಿ 30ಕ್ಕೆ ಹದಿನೈದು ದಿನ ಮುಗಿಯಿತು, 31ಕ್ಕೆ ವ್ಯಾಜ್ಯಕಾರಣ. ಒಂದು ತಿಂಗಳೆಂದರೆ ಫೆಬ್ರವರಿ 28. ಮೂವತ್ತು ಕೂಡಿದವರ ಹಾಳೆ ಮಾರ್ಚ್ 2 ಎಂದು ತೋರಿಸುತ್ತದೆ. ಅಷ್ಟು ಹೊತ್ತಿಗೆ ದೂರಿನ ಜೊತೆಗೆ ವಿಳಂಬ ಮನ್ನಾ ಅರ್ಜಿಯನ್ನೂ ಬರೆಯಬೇಕು. ಎಕ್ಸೆಲ್‌ನಲ್ಲಿ ‘ಇ-ಡೇಟ್’ (EDATE) ಎಂಬ ಸೂತ್ರ ಇದೆ. ತಾರೀಕು ಕೊಟ್ಟು ಒಂದು ಎಂದರೆ ಒಂದು ತಿಂಗಳು ಮುಂದಿನ ತಾರೀಕು ಕೊಡುತ್ತದೆ, ಫೆಬ್ರವರಿಯನ್ನೂ ಸರಿಯಾಗಿ ನೋಡಿಕೊಳ್ಳುತ್ತದೆ. ನಾನು ಸೂತ್ರ ಕೊಟ್ಟ ತಾರೀಕಿಗಿಂತ ಒಂದು ದಿನ ಹಿಂದಿನದನ್ನೇ ಡೈರಿಗೆ ಕೊಡಿಸುತ್ತೇನೆ. ಎಣಿಕೆ ಯಾವ ದಿನದಿಂದ ಎಂಬುದರ ಮೇಲೆ ವಾದ ಮಾಡಿ ಗೆಲ್ಲುವುದಕ್ಕಿಂತ ಹಿಂದಿನ ದಿನ ದಾಖಲಿಸುವುದು ಅಗ್ಗ.

ದಾವೆಗೆ ಪ್ರತಿವಾದಿ ಕೊಡುವ ಲಿಖಿತ ಹೇಳಿಕೆಗೆ 30 ಮತ್ತು 90 ದಿನಗಳ ಎರಡು ಕಾಲಂ, ವಾಣಿಜ್ಯ ದಾವೆಯಾದರೆ 120. ಆ 120 ದಾಟಿದರೆ ನ್ಯಾಯಾಧೀಶರ ಕೈಯಲ್ಲೂ ಏನೂ ಇಲ್ಲ, ಹಾಗಾಗಿ ಅದಕ್ಕೆ ಕೆಂಪು ಬಣ್ಣ. ಹಳೆಯ ವಸೂಲಿ ಕೇಸುಗಳಲ್ಲಿ 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟು ಕಾಲಮಿತಿಯ ಲೆಕ್ಕದಿಂದ ಬಿಟ್ಟಿರುವುದನ್ನೂ ಸೇರಿಸಿಕೊಳ್ಳಿ. ಬ್ಯಾಂಕಿನವರು ಹಳೆಯ ಸಾಲದ ಕಾಗದ ತಂದಾಗ ಮೊದಲು ಬೇಕಾಗುವುದು ಅದೇ.

ವರ್ಡ್ ಬಗ್ಗೆ ಎರಡೇ ಮಾತು. ಹಳೆಯ ವಾದಪತ್ರ ತೆರೆದು ಹೆಸರು ಬದಲಿಸಿ ಹೊಸದು ಮಾಡುವ ರೂಢಿ ಎಲ್ಲ ಕಚೇರಿಗಳಲ್ಲೂ ಇದೆ. ಹೆಸರು ಬದಲಾಗುತ್ತದೆ, ಆದರೆ ಷೆಡ್ಯೂಲಿನಲ್ಲಿ ಹಿಂದಿನ ಜಮೀನಿನ ಚಕ್ಕುಬಂದಿ ಹಾಗೆಯೇ ಉಳಿಯುತ್ತದೆ. ಎದುರು ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿಯುತ್ತಾರೆ. ಪ್ರತಿ ಬಗೆಯ ಕೇಸಿಗೂ ಹೆಸರು, ಸರ್ವೆ ನಂಬರು, ನಾಲ್ಕು ದಿಕ್ಕು ಎಲ್ಲವೂ ಖಾಲಿ ಇರುವ ಒಂದು ಮಾದರಿ ಮಾಡಿ ಟೆಂಪ್ಲೇಟ್ ಆಗಿ ಉಳಿಸಿ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ತಪ್ಪು ಚಕ್ಕುಬಂದಿ ಬೀಳುವುದಿಲ್ಲ. ಪ್ಯಾರಾ ಸಂಖ್ಯೆಗಳನ್ನು ಕೈಯಿಂದ ಬರೆಯದೆ ವರ್ಡ್‌ಗೇ ಬಿಡಿ. ‘ಮೇಲಿನ 7ನೇ ಪ್ಯಾರಾದಲ್ಲಿ ಹೇಳಿದಂತೆ’ ಎಂಬಲ್ಲಿಯ ಏಳನ್ನು ಕ್ರಾಸ್ ರೆಫರೆನ್ಸ್ ಮೂಲಕ ಹಾಕಿದರೆ, ನಡುವೆ ಹೊಸ ಪ್ಯಾರಾ ಸೇರಿದಾಗ ಎಲ್ಲವನ್ನೂ ಆಯ್ದು ಎಫ್9 ಒತ್ತಿದರೆ ಎಂಟಾಗುತ್ತದೆ. ನುಡಿಯ ಗೋಳನ್ನು ಬಲ್ಲವರು ಹೇಳಲಿ.

ಬೆರಳಚ್ಚುಗಾರ, ಹುಬ್ಬಳ್ಳಿ:

ನಾನು ವಕೀಲನಲ್ಲ. ಕೋರ್ಟಿನ ಎದುರು ಕುಳಿತು ವಕೀಲರ ಕಾಗದಗಳನ್ನು ಬೆರಳಚ್ಚು ಮಾಡುತ್ತೇನೆ. ನುಡಿ ನನ್ನ ಅನ್ನ, ಅದನ್ನು ಬೈಯುವವರ ಜೊತೆ ನನಗೆ ಸರಿಬರುವುದಿಲ್ಲ. ಮೇಡಂ ಹೇಳಿದ ತೊಂದರೆ ನುಡಿಯದಲ್ಲ, ಹಳೆಯ ಫಾಂಟಿನದು. ಹಳೆಯ ನುಡಿ ಫಾಂಟುಗಳಲ್ಲಿ ಕಂಪ್ಯೂಟರು ಒಳಗೆ ಇಟ್ಟುಕೊಳ್ಳುವುದು ರೋಮನ್ ಸಂಕೇತಗಳನ್ನೇ. ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತದೆ. ಬೆಂಗಳೂರಿನವರ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿತು. ಇದೇ ಕಾರಣಕ್ಕೆ ವಿಂಡೋಸ್‌ನಲ್ಲಿಯೋ ಮೇಲ್‌ನಲ್ಲಿಯೋ ‘ನಿರ್ಬಂಧಕಾಜ್ಞೆ’ ಎಂದು ಹುಡುಕಿದರೆ ಹಳೆಯ ಒಂದು ಕಡತವೂ ಸಿಗುವುದಿಲ್ಲ.

ಹೊಸದಾಗಿ ಏನನ್ನೇ ಬರೆದರೂ ಯೂನಿಕೋಡ್‌ನಲ್ಲಿ ಬರೆಯಿರಿ. ನುಡಿಯಲ್ಲೇ ಆ ಆಯ್ಕೆ ಇದೆ, ಕೀಲಿಮಣೆಯ ವಿನ್ಯಾಸ ಅದೇ. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ನಿರ್ಮಲಾ ಯುಐ ಫಾಂಟು ವಿಂಡೋಸ್ ಜೊತೆಗೇ ಬರುತ್ತದೆ.

ಒಂದು ಕಿರಿಕಿರಿಗೆ ಮೊದಲೇ ಸಿದ್ಧರಾಗಿ. ವರ್ಡ್‌ನಲ್ಲಿ ಸ್ಟೈಲ್‌ಗೆ 14 ಎಂದು ಗಾತ್ರ ಕೊಟ್ಟರೂ ಕನ್ನಡ ಮಾತ್ರ 11ರಲ್ಲೇ ಕುಳಿತಿರುತ್ತದೆ. ವರ್ಡ್‌ಗೆ ಕನ್ನಡ ‘ಸಂಕೀರ್ಣ ಲಿಪಿ’. ಫಾಂಟಿನ ಪೆಟ್ಟಿಗೆಯಲ್ಲಿ ಅದಕ್ಕೆ ಬೇರೆಯೇ ಒಂದು ಭಾಗ ಇದೆ. ಅಲ್ಲಿ ಹೋಗಿ ಫಾಂಟು, ಗಾತ್ರ ಎರಡನ್ನೂ ಕೊಡಬೇಕು. ಆ ಭಾಗವೇ ಕಾಣದಿದ್ದರೆ ಆಫೀಸ್‌ನ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿ.

ಹಳೆಯದನ್ನು ಎಲ್ಲ ಪರಿವರ್ತಿಸಲು ಹೋಗಬೇಡಿ, ನಡೆಯುತ್ತಿರುವ ಕೇಸುಗಳದ್ದು ಸಾಕು. ಪರಿವರ್ತಕಗಳು ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಬಹಳಷ್ಟು ಪರಿವರ್ತಕಗಳಿಗೆ ಕನ್ನಡ ಯಾವುದು, ಇಂಗ್ಲಿಷ್ ಯಾವುದು ಎಂಬ ಭೇದ ತಿಳಿಯದು. ವಾದಪತ್ರದ ನಡುವೆ ಇರುವ ವಾಹನದ ನೋಂದಣಿ ಸಂಖ್ಯೆ, ಬ್ಯಾಂಕಿನ ಐಎಫ್‌ಎಸ್‌ಸಿ, ಪಾನ್ ಇವನ್ನೆಲ್ಲ ಕನ್ನಡ ಮಾಡಿ ಕೂರಿಸುತ್ತವೆ. ನಿಮ್ಮ ಅಪಘಾತದ ಅರ್ಜಿಗಳಲ್ಲಿ ಲಾರಿಯ ಸಂಖ್ಯೆಯೇ ಹೀಗೆ ಹೋಗುತ್ತದೆ. ಇಂಗ್ಲಿಷ್ ಭಾಗಗಳನ್ನು ಬಿಟ್ಟು ತುಂಡು ತುಂಡಾಗಿ ಪರಿವರ್ತಿಸಿ. ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಅದು ಪಕ್ಕದ ಅಕ್ಷರಕ್ಕೆ ಜಾರುವುದು ಉಂಟು.

ಇನ್ನೊಂದು ಸೂಕ್ಷ್ಮ. ಯೂನಿಕೋಡ್‌ನಲ್ಲಿ ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಅದನ್ನು ಹಾಕದೆ ಬರೆದವರದು ‘ರಾಜ್ಕುಮಾರ್’ ಆಗುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಪಕ್ಷಕಾರರ ಹೆಸರನ್ನು ನೆಚ್ಚಿ ಹುಡುಕುವುದಕ್ಕಿಂತ ಮೈಸೂರಿನವರು ಹೇಳಿದ ಅಂಕಿಯ ಕಡತ ಸಂಖ್ಯೆಯೇ ವಾಸಿ ಎನ್ನಲು ನನಗಿರುವ ಕಾರಣ ಇದು.

ಕ್ರಿಮಿನಲ್ ಸೈಡ್, ಬೆಂಗಳೂರು:

ಎಲ್ಲರೂ ಕಚೇರಿಯ ಮೇಲ್ ಬಗ್ಗೆ ಹೇಳಿದ್ದೀರಿ. ಮೇಲ್ ತಾನೇ ಸಾಕ್ಷ್ಯವಾದಾಗ ನಿಯಮ ಬೇರೆ.

ಕಕ್ಷಿದಾರರು ‘ಆ ಮೇಲ್ ನಿಮಗೆ ಫಾರ್ವರ್ಡ್ ಮಾಡಿದ್ದೇನೆ’ ಎನ್ನುತ್ತಾರೆ. ಫಾರ್ವರ್ಡ್ ಆದದ್ದು ಹೊಸ ಮೇಲ್. ಮೂಲದ್ದು ಯಾವ ಸರ್ವರ್‌ಗಳನ್ನು ಹಾದು ಬಂತು ಎಂಬ ವಿವರ ಅದರಲ್ಲಿ ಇರುವುದಿಲ್ಲ. ಜಿಮೇಲ್‌ನಲ್ಲಿ ಆ ಮೇಲ್ ತೆರೆದು ಮೂರು ಚುಕ್ಕೆ ಒತ್ತಿದರೆ ಸಂದೇಶವನ್ನು ಡೌನ್‌ಲೋಡ್ ಮಾಡುವ ಆಯ್ಕೆ ಸಿಗುತ್ತದೆ. ಅದರಿಂದ ಬರುವ ಇಎಂಎಲ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತರಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಲಿ, ಇಲ್ಲವಾದರೆ ಅದು ಕುಗ್ಗಿ ಬರುತ್ತದೆ. ಮೂಲ ಮೊಬೈಲನ್ನು ಮಾರಬೇಡಿ, ರೀಸೆಟ್ ಮಾಡಬೇಡಿ ಎಂದು ಬರವಣಿಗೆಯಲ್ಲೇ ತಿಳಿಸಿ.

2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದು ಪಕ್ಷಕಾರರದ್ದು, ಇನ್ನೊಂದು ಪರಿಣತರದ್ದು. ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಯಾವ ವಿಧಾನದಿಂದ ತೆಗೆದದ್ದು ಎಂಬುದನ್ನೂ ಬರೆಯಬೇಕು. ಹ್ಯಾಶ್ ತೆಗೆಯಲು ಹೊರಗಿನ ತಂತ್ರಾಂಶ ಬೇಡ, ವಿಂಡೋಸ್‌ನಲ್ಲೇ ‘ಸರ್ಟ್‌ಯುಟಿಲ್’ (certutil) ಎಂಬ ಆದೇಶ ಇದೆ, ಎಸ್‌ಎಚ್‌ಎ-256 ಆಯ್ದುಕೊಳ್ಳಿ. ಕಡತ ಕೈಗೆ ಬಂದ ದಿನವೇ ತೆಗೆದು ನಿಮ್ಮ ಎಕ್ಸೆಲ್‌ನಲ್ಲಿ ದಾಖಲಿಸಿ, ಆಮೇಲೆ ಆ ಕಡತವನ್ನು ತೆರೆದು ಉಳಿಸುವ ಕೆಲಸಕ್ಕೆ ಹೋಗಬೇಡಿ. ಕೆಲಸಕ್ಕೆ ಅದರ ನಕಲು ಇರಲಿ.

ಕೊನೆಯದಾಗಿ, ವಿಳಾಸ ಬರೆಯಲು ಶುರುಮಾಡಿದ ಕೂಡಲೇ ಮೇಲ್ ತಾನೇ ತುಂಬುತ್ತದಲ್ಲ, ಅದರ ಬಗ್ಗೆ ಎಚ್ಚರ. ಎದುರು ಪಕ್ಷದ ವಕೀಲರ ಹೆಸರೂ ನಿಮ್ಮ ಕಕ್ಷಿದಾರರ ಹೆಸರೂ ಒಂದೇ ಅಕ್ಷರದಿಂದ ಶುರುವಾದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿ. ಔಟ್‌ಲುಕ್‌ನಲ್ಲಾದರೆ ಎಲ್ಲ ಮೇಲ್‌ಗಳೂ ಕೆಲವು ನಿಮಿಷ ತಡೆದು ಹೋಗುವಂತೆ ರೂಲ್ ಹಾಕಬಹುದು.

ದಾವಣಗೆರೆಯ ವಕೀಲೆ:

ಫೆಬ್ರವರಿಯ ಲೆಕ್ಕ ಓದಿ ಕಿರಿಯರಿಬ್ಬರನ್ನೂ ಕರೆದು ಅವರ ಹಾಳೆಯನ್ನು ತೆರೆಸಿದೆ. ಅದರಲ್ಲಿ ಎಲ್ಲ ತಾರೀಕುಗಳೂ ಎಡಕ್ಕೆ ಅಂಟಿಕೊಂಡಿವೆ. ಇಷ್ಟು ಕಾಲ ಆ ಹಾಳೆಯನ್ನು ನೋಡಿ ನಾನು ಸಮಾಧಾನ ಪಡುತ್ತಿದ್ದೆ!

ಎರಡು ತಕರಾರು ಉಳಿದಿವೆ. ಕಡತ ಸಂಖ್ಯೆಯನ್ನು ನಾವು ಬರೆಯಬಹುದು. ಬ್ಯಾಂಕಿನವರಿಂದ ಬರೆಸುವುದು ಹೇಗೆ? ಅವರು ‘ಮೋಸ್ಟ್ ಅರ್ಜೆಂಟ್’ ಬಿಡುವವರಲ್ಲ. ಎರಡನೆಯದು, ನನ್ನ ಹಿರಿಯರ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇದೆ, ಅವರ ಕಾಲದ ಮೇಲ್‌ಗಳೆಲ್ಲ ಅದರಲ್ಲಿವೆ. ಯಂತ್ರ ವಿಂಡೋಸ್ 10ರದ್ದು. ಮೇಲ್ಗಡೆ ಮೂಲೆಯಲ್ಲಿ ‘ಹೊಸ ಔಟ್‌ಲುಕ್ ಬಳಸಿ’ ಎಂದು ಕರೆಯುತ್ತಿರುತ್ತದೆ. ಒತ್ತಲೇ?

ಸಿವಿಲ್ ಕೋರ್ಟಿನ ಹಳಬ, ಮೈಸೂರು:

ಒತ್ತಬೇಡಿ, ಮೊದಲು ಬ್ಯಾಂಕಿನದು ಮುಗಿಸೋಣ.

ಬ್ಯಾಂಕಿನವರಿಗೆ ಕಲಿಸಲು ಹೋಗುವುದು ವ್ಯರ್ಥ. ಅವರ ಮೇಲ್ ಬಂದ ದಿನವೇ ‘ತಲುಪಿದೆ’ ಎಂದು ಒಂದು ಸಾಲಿನ ಉತ್ತರ ಹಾಕಿ. ಹಾಕುವಾಗ ವಿಷಯದ ಸಾಲನ್ನು ಅಳಿಸಿ ‘25-018, ಸಾಲಗಾರನ ಹೆಸರು, ವಸೂಲಿ ದಾವೆ’ ಎಂದು ತಿದ್ದಿ. ವಿಷಯ ಬದಲಾದರೆ ಜಿಮೇಲ್ ಅದನ್ನು ಹೊಸ ಮಾತುಕತೆ ಎಂದು ಬೇರೆ ಮಾಡುತ್ತದೆ. ಹಳೆಯ ಕೇಸಿನ ಅಡಿಯಲ್ಲಿ ಅಡಗಿದ್ದು ಹೊರಗೆ ಬಂತು. ಆಮೇಲೆ ಆ ಅಧಿಕಾರಿ ತಮ್ಮ ಅಭ್ಯಾಸದಂತೆ ಉತ್ತರ ಒತ್ತಿ ಕಳುಹಿಸುವುದೆಲ್ಲ ನಿಮ್ಮ ಸಂಖ್ಯೆಯನ್ನು ಹೊತ್ತುಕೊಂಡೇ ಬರುತ್ತದೆ. ಅವರ ಸೋಮಾರಿತನವೇ ನಿಮಗೆ ಅನುಕೂಲ. 25-018 ಎಂದಿರುವ ಮೇಲ್‌ಗೆ ತಾನಾಗಿ ಲೇಬಲ್ ಬೀಳುವಂತೆ ಫಿಲ್ಟರ್ ಮಾಡಿಟ್ಟರೆ ಅಷ್ಟೂ ಕೆಲಸ ಉಳಿಯಿತು. ಅದೇ ಫಿಲ್ಟರ್ ಪುಟದಲ್ಲಿ ಬ್ಯಾಂಕಿನ ವಿಳಾಸಗಳನ್ನು ಎಂದೂ ಸ್ಪ್ಯಾಮ್‌ಗೆ ಕಳುಹಿಸಬೇಡ ಎಂದೂ ಹೇಳಬಹುದು. ಅವರು ಒಂದಕ್ಕೊಂದು ಬೆರೆಸುವುದು ತೀರಾ ಹೆಚ್ಚಾದರೆ ಸಂಭಾಷಣೆಯಾಗಿ ಜೋಡಿಸುವ ನೋಟವನ್ನೇ ಸೆಟ್ಟಿಂಗ್‌ನಲ್ಲಿ ತೆಗೆದುಬಿಡಿ. ಪ್ರತಿ ಮೇಲ್ ಬೇರೆಯಾಗಿ ಕಾಣುತ್ತದೆ.

ಔಟ್‌ಲುಕ್‌ನಲ್ಲಿ, ಹಳೆಯ ಕ್ಲಾಸಿಕ್‌ನಲ್ಲಿ, ಬಂದ ಮೇಲ್‌ನ ವಿಷಯವನ್ನೇ ತಿದ್ದಿ ಉಳಿಸಲು ಬರುತ್ತದೆ. ಬೆಂಗಳೂರಿನವರು ಹೇಳಿದ್ದನ್ನು ಓದಿದ ಮೇಲೆ ಅದನ್ನು ಮಾಡಬೇಡಿ ಎನ್ನುತ್ತೇನೆ. ಯಾವ ಮೇಲ್ ಯಾವಾಗ ನಿಶಾನೆ (ಕೋರ್ಟು ಗುರುತಿಸಿದ ಸಾಕ್ಷ್ಯ) ಆದೀತು ಎಂದು ಮೊದಲೇ ಗೊತ್ತಾಗುವುದಿಲ್ಲ.

ಹಿರಿಯರ ಕಂಪ್ಯೂಟರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಫೀಸ್ 2016, 2019ಕ್ಕೂ ಅದೇ ದಿನ. ಅಂಥ ಯಂತ್ರದಲ್ಲಿ ಕಕ್ಷಿದಾರರ ಮೇಲ್ ಇಟ್ಟು ಇಂಟರ್‌ನೆಟ್ಟಿಗೆ ಜೋಡಿಸಿಕೊಂಡು ಕೂರುವುದು ಸರಿಯಲ್ಲ. ಹಿರಿಯರ ಮೇಲ್ ಬಹುಮಟ್ಟಿಗೆ ಪಿಎಸ್‌ಟಿ ಎಂಬ ಒಂದೇ ದೊಡ್ಡ ಕಡತದಲ್ಲಿ ಇರುತ್ತದೆ. ಹೊಸ ಔಟ್‌ಲುಕ್‌ನಲ್ಲಿ ಪಿಎಸ್‌ಟಿ ಬಳಕೆಗೆ ಮಿತಿಗಳಿವೆ, ಹಳೆಯ ಆಡ್-ಇನ್‌ಗಳೂ ನಡೆಯುವುದಿಲ್ಲ. ಹಾಗಾಗಿ ಕ್ಲಾಸಿಕ್‌ನಲ್ಲೇ ಇರಿ. ಔಟ್‌ಲುಕ್ಕನ್ನು ಪೂರ್ತಿ ಮುಚ್ಚಿ, ಪಿಎಸ್‌ಟಿ ಕಡತವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ತೆರೆದಿರುವಾಗ ನಕಲು ಮಾಡಬೇಡಿ. ಆಮೇಲೆ ಹೊಸ ಯಂತ್ರದ ಒಳಡಿಸ್ಕಿಗೆ ಹಾಕಿ ಕ್ಲಾಸಿಕ್ ಔಟ್‌ಲುಕ್‌ನಿಂದ ತೆರೆಯಿರಿ. ನಾಲ್ವರೂ ನೋಡಲಿ ಎಂದು ಕಚೇರಿಯ ಜಾಲದಲ್ಲಿ ಹಂಚಿದ ಫೋಲ್ಡರಿನೊಳಗೆ ಮಾತ್ರ ಇಡಬೇಡಿ, ಪಿಎಸ್‌ಟಿ ಕೆಡುವುದೇ ಹಾಗೆ. ಕೆಟ್ಟಿದ್ದರೆ ದುರಸ್ತಿಗೆ ‘ಸ್ಕ್ಯಾನ್‌ಪಿಎಸ್‌ಟಿ’ ಎಂಬ ಉಪಕರಣ ಆಫೀಸ್ ಜೊತೆಗೇ ಬರುತ್ತದೆ. ಅದನ್ನು ನಕಲಿನ ಮೇಲೆ ಓಡಿಸಿ, ಮೂಲದ ಮೇಲಲ್ಲ.

ಅದನ್ನೆಲ್ಲ ಜಿಮೇಲ್‌ಗೆ ತುಂಬುವ ಯೋಚನೆ ಬಂದರೆ ನೆನಪಿಡಿ, ಉಚಿತ ಖಾತೆಯ 15 ಜಿಬಿ ಎಂದರೆ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ. ಪಿಎಸ್‌ಟಿಯ ಗಾತ್ರ ಎಷ್ಟಿದೆ, ಆ ಔಟ್‌ಲುಕ್ ಯಾವ ವರ್ಷದ್ದು ನೋಡಿ ಬರೆಯಿರಿ. 2010 ಮತ್ತು ಅದರ ನಂತರದ್ದರಲ್ಲಿ ಸಾಮಾನ್ಯ ಮಿತಿ 50 ಜಿಬಿ. ಅದರ ಹತ್ತಿರ ಬಂದಿದ್ದರೆ ನಕಲು ಮಾಡಿದ ಮೇಲೆ ವರ್ಷವಾರು ಒಡೆಯಬೇಕಾಗುತ್ತದೆ. ಹಿರಿಯರು 2002ರ ಅಥವಾ ಅದಕ್ಕೂ ಹಿಂದಿನ ಔಟ್‌ಲುಕ್‌ನಲ್ಲಿ ಶುರುಮಾಡಿದ್ದರೆ 2 ಜಿಬಿ ಮಿತಿಯ ಹಳೆಯ ಬಗೆಯ ಪಿಎಸ್‌ಟಿಯೂ ಎಲ್ಲೋ ಒಂದು ಕಡೆ ಇರಬಹುದು, ಅದನ್ನೂ ಹುಡುಕಿ.